ಗದೆ ಕೊಟ್ಟರೆ ಮುಗಿಯಿತೇ?

2024ರ ಜನವರಿಯಲ್ಲಿ ಮೇರಿ ಕೋಮ್ ನಿವೃತ್ತರಾದರು ಎಂಬ ಸುದ್ದಿ ಹಬ್ಬಿತು. ಮರುದಿನವೇ ಅವರು ಅದನ್ನು ಅಲ್ಲಗಳೆದರು. ಅವರು ಹೇಳಿದ್ದು ಇಷ್ಟೆ: ಆಡುವ ಹಸಿವು ಇನ್ನೂ ಇದೆ, ವಯಸ್ಸಿನ ನಿಯಮ ಬಿಡುತ್ತಿಲ್ಲ. ಅಮೆಚೂರ್ ಬಾಕ್ಸಿಂಗ್‌ನಲ್ಲಿ 40 ದಾಟಿದವರಿಗೆ ಅಂತರರಾಷ್ಟ್ರೀಯ ರಿಂಗ್ ಇಲ್ಲ. ಆರು ಬಾರಿಯ ವಿಶ್ವ ಚಾಂಪಿಯನ್‌ಗೂ ಆ ನಿಯಮ ಒಂದೇ.

ಆದರೂ ಮೇರಿ ಕೋಮ್‌ಗೆ ಪೊಲೀಸ್ ಇಲಾಖೆಯ ಕೆಲಸವಿತ್ತು, ರಾಜ್ಯಸಭೆಯ ಸ್ಥಾನ ಸಿಕ್ಕಿತು, ಹೆಸರಿನ ಬಲವಿದೆ. ನಮ್ಮ ಚಿಂತೆ ಹೆಸರಿಲ್ಲದವರದ್ದು. ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯ ಬಯಲು ಕುಸ್ತಿಯಲ್ಲಿ, ದಸರಾ ಅಖಾಡದಲ್ಲಿ ಜೋಡಿ ಕಟ್ಟುವ ಪೈಲ್ವಾನರದ್ದು. ಗೆದ್ದವನ ಹೆಗಲಿಗೆ ಬೆಳ್ಳಿ ಗದೆ ಏರುತ್ತದೆ, ಶಿಳ್ಳೆ ಬೀಳುತ್ತದೆ, ಗಣ್ಯರ ಜೊತೆ ಫೋಟೊ ಆಗುತ್ತದೆ. ಮೊಣಕಾಲು ಕೈಕೊಟ್ಟ ಮೇಲೆ ಅವನು ಏನು ಮಾಡುತ್ತಿದ್ದಾನೆ ಎಂದು ಕೇಳುವವರು ಕಡಿಮೆ.

ಸೆಣಸಾಟದ ಆಟಗಳಿಗೆ ಈಗ ದುಡ್ಡು ಬಂದಿದೆ. 2024ರ ನವೆಂಬರಿನಲ್ಲಿ 58 ವರ್ಷದ ಮೈಕ್ ಟೈಸನ್‌ರನ್ನು ಯೂಟ್ಯೂಬರ್ ಒಬ್ಬರ ಎದುರು ರಿಂಗಿಗಿಳಿಸಿ ನೆಟ್‌ಫ್ಲಿಕ್ಸ್ ನೇರಪ್ರಸಾರ ಮಾಡಿತು. ಅದೇ ಅಮೆರಿಕದಲ್ಲಿ, ತಮ್ಮ ಸಂಭಾವನೆಯನ್ನು ಕಂಪನಿ ತುಳಿದಿದೆ ಎಂದು ಯುಎಫ್‌ಸಿ ಹೋರಾಟಗಾರರು ಕೋರ್ಟಿಗೆ ಹೋದರು. ಕೊನೆಗೆ 37.5 ಕೋಟಿ ಡಾಲರ್ ಕೊಟ್ಟು ಕಂಪನಿ ರಾಜಿ ಮಾಡಿಕೊಂಡಿತು. ಏಟು ತಿನ್ನುವವನೊಬ್ಬ, ಎಣಿಸಿಕೊಳ್ಳುವವನೊಬ್ಬ ಎಂಬುದು ಅಲ್ಲಿಯೂ ಸುಳ್ಳಲ್ಲ.

ಇದು ದೂರದ ಮಾತಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಏಟು ತಿಂದು ಬಿದ್ದ ಮೈಸೂರಿನ 23ರ ಯುವಕ ಮತ್ತೆ ಏಳಲಿಲ್ಲ. ಸ್ಥಳದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರಿದರು. ಒಂದೆರಡು ವಾರ ಚರ್ಚೆಯಾಯಿತು, ಆಮೇಲೆ ತಣ್ಣಗಾಯಿತು.

ಭದ್ರಾವತಿಯ ಕಡೆ ನೋಡಿದರೆ ಇನ್ನೊಂದು ಮುಖ ಕಾಣುತ್ತದೆ. ಈ ದೇಶದಲ್ಲಿ ಕ್ರೀಡಾಪಟುವಿನ ನಿಜವಾದ ಪಿಂಚಣಿ ಎಂದರೆ ಕಾಯಂ ನೌಕರಿ. ರೈಲ್ವೆ, ಪೊಲೀಸ್, ಸರ್ಕಾರಿ ಕಾರ್ಖಾನೆಗಳ ಕ್ರೀಡಾ ಕೋಟಾ ನಂಬಿ ಮಕ್ಕಳನ್ನು ಗರಡಿಗೆ, ಮೈದಾನಕ್ಕೆ ಕಳಿಸಿದ ಮನೆಗಳೆಷ್ಟೋ. ಎಂಪಿಎಂ ಯಂತ್ರಗಳು ನಿಂತು ವರ್ಷಗಳೇ ಆದವು. ವಿಐಎಸ್‌ಎಲ್ ಮುಚ್ಚುವ ತೀರ್ಮಾನವನ್ನು 2023ರ ಜನವರಿಯಲ್ಲಿ ಸೇಲ್ ಪ್ರಕಟಿಸಿದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಕಾರ್ಖಾನೆಯ ಚಿಮಣಿ ಆರಿದರೆ ಕ್ಯಾಂಟೀನು, ಕ್ವಾರ್ಟರ್ಸು ಮಾತ್ರ ಬರಿದಾಗುವುದಿಲ್ಲ; ಆಡುವ ಹುಡುಗರ ಮುಂದಿನ ದಾರಿಯೂ ಮುಚ್ಚುತ್ತದೆ.

ಮಾಜಿ ಪೈಲ್ವಾನರಿಗೆ ರಾಜ್ಯ ಸರ್ಕಾರ ಮಾಸಾಶನ ಕೊಡುತ್ತದೆ ನಿಜ. ಅದು ಬೇಕು. ಆದರೆ ವಯಸ್ಸಾದ ಮೇಲೆ ಬರುವ ಹಣ, ಮೂವತ್ತರಲ್ಲೇ ಅಖಾಡ ಬಿಟ್ಟವನ ನಡುವಿನ ವರ್ಷಗಳನ್ನು ತುಂಬುವುದಿಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ಜಾತ್ರೆಯ ಕುಸ್ತಿಯಿರಲಿ, ಹೊಸ ಫೈಟ್ ನೈಟ್ ಇರಲಿ, ವೈದ್ಯರು, ಆಂಬುಲೆನ್ಸ್ ಮತ್ತು ಆಟಗಾರರ ವಿಮೆ ಇಲ್ಲದೆ ಅನುಮತಿ ಬೇಡ. ಪ್ರಾಯೋಜಕರಿಂದ ಬಂದದ್ದೆಷ್ಟು, ಆಟಗಾರನಿಗೆ ಕೊಟ್ಟದ್ದೆಷ್ಟು ಎಂಬುದನ್ನು ಸಂಘಟಕರು ಬರೆದು ತೋರಿಸಲಿ. ಅಮೆರಿಕದಲ್ಲಿ ಮುಹಮ್ಮದ್ ಅಲಿ ಹೆಸರಿನಲ್ಲೇ 2000ರಲ್ಲಿ ಇಂಥ ಕಾನೂನು ಬಂದಿದೆ. ಪ್ರವರ್ತಕರು ತಮ್ಮ ಗಳಿಕೆಯ ಲೆಕ್ಕವನ್ನು ಬಾಕ್ಸರ್‌ಗೆ ಹೇಳಲೇಬೇಕು. ಮೂರನೆಯದು, ಅಖಾಡ ಬಿಟ್ಟ ಪೈಲ್ವಾನನಿಗೆ ತರಬೇತಿ ಕೊಟ್ಟು ಸರ್ಕಾರಿ ಶಾಲೆ, ಕ್ರೀಡಾ ವಸತಿ ನಿಲಯಗಳಲ್ಲಿ ತರಬೇತುದಾರನ ಕೆಲಸ ಕೊಡಲಿ. ಪಟ್ಟು ಗೊತ್ತಿರುವವನು ಸೆಕ್ಯುರಿಟಿ ಗಾರ್ಡ್ ಆಗಿ ನಿಂತರೆ ನಷ್ಟ ಅವನೊಬ್ಬನದ್ದಲ್ಲ, ಕಲಿಯಬೇಕಿದ್ದ ಮಕ್ಕಳದ್ದೂ ಹೌದು.

ಚಾಂಪಿಯನ್ ಬಿಟ್ಟುಹೋಗುವ ಪರಂಪರೆ ಕಪಾಟಿನ ಪದಕವಲ್ಲ, ಅವನ ಕೈಯಲ್ಲಿ ಪಳಗಿದ ಮುಂದಿನ ಹುಡುಗ, ಹುಡುಗಿ. ಮುಂದಿನ ಜಾತ್ರೆಗೆ ಚಂದಾ ಎತ್ತಲು ಬಂದವರನ್ನು ಒಂದು ಮಾತು ಕೇಳಿ: ಗದೆಗೆ ಎಷ್ಟು ಇಟ್ಟಿದ್ದೀರಿ, ವಿಮೆಗೆ ಎಷ್ಟು?