ಮನೆಯ ಪಾಲಿನ ಗಂಟೆಗಳು

ಮೊನ್ನೆ ಮಗ್ರಿಬ್ ನಮಾಝ್ ಮುಗಿಸಿ ಹೊರಬರುವಾಗ ಜಮಾಅತಿನ ಒಬ್ಬರು ಮೊಬೈಲಿನಲ್ಲಿ ಮಗಳ ಬಿಎಸ್ಸಿ ಟೈಮ್ ಟೇಬಲ್ ತೋರಿಸಿದರು. “ಉಸ್ತಾದ್, ಇದೆಂತ ಲೆಕ್ಕ? ವಾರಕ್ಕೆ ನಾಲ್ಕು ಗಂಟೆ ಪಾಠಕ್ಕೆ 4 ಕ್ರೆಡಿಟ್. ಲ್ಯಾಬಿನಲ್ಲಿ ನಾಲ್ಕು ಗಂಟೆ ನಿಂತರೆ ಬರೇ 2. ಲ್ಯಾಬ್ ಇದ್ದ ದಿನ ಅವಳು ಮನೆ ಮುಟ್ಟುವಾಗ ಕತ್ತಲಾಗ್ತದೆ. ಅರ್ಧ ಬೆಲೆಯ ಕ್ಲಾಸಿಗೆ ಇಷ್ಟು ಕಷ್ಟ ಯಾಕೆ, ಬಿಎಗೆ ಸೇರಿಸಿದ್ರೆ ಆಗ್ತಿತ್ತು” ಎಂದರು.

ಅವರ ಲೆಕ್ಕ ಸರಿ, ಅರ್ಥ ಮಾತ್ರ ತಪ್ಪು. ಯುಜಿಸಿ ನಿಯಮದಂತೆ ಪಾಠದ ಕ್ಲಾಸಿನಲ್ಲಿ ವಾರಕ್ಕೆ ಒಂದು ಗಂಟೆಯಂತೆ 15 ವಾರ ಕೂತರೆ 1 ಕ್ರೆಡಿಟ್. ಲ್ಯಾಬ್, ಇಂಟರ್ನ್‌ಶಿಪ್, ಫೀಲ್ಡ್ ವರ್ಕ್ ಆದರೆ ಅದೇ 1 ಕ್ರೆಡಿಟ್‌ಗೆ 30 ಗಂಟೆ ಬೇಕು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಇದನ್ನು ಇನ್ನೂ ಬಿಡಿಸಿ ಹೇಳುತ್ತದೆ: ಯಾವ ವಿಷಯವೇ ಇರಲಿ, 1 ಕ್ರೆಡಿಟ್ ಎಂದರೆ 30 ಗಂಟೆಯ ಕಲಿಕೆ. ಲ್ಯಾಬಿನ ಕೆಲಸ ಹೆಚ್ಚುಕಮ್ಮಿ ಲ್ಯಾಬಿನಲ್ಲೇ ಮುಗಿಯುತ್ತದೆ. ಪಾಠದ 15 ಗಂಟೆ ಕಾಲೇಜಿನಲ್ಲಿ ಆಯಿತು, ಉಳಿದ 15 ಎಲ್ಲಿ? ಓದು, ನೋಟ್ಸ್, ಅಸೈನ್‌ಮೆಂಟ್. ಅದು ಹೆಚ್ಚಾಗಿ ಮನೆಯ ಪಾಲಿಗೆ ಬರುವ ಗಂಟೆ.

ಮದ್ರಸದಲ್ಲಿ ಕಲಿಸುವ ನಮಗೆ ಇದು ಹೊಸತಲ್ಲ. ಹಿಫ್ಝ್ ಮಗು ಸಬಕ್ ಒಪ್ಪಿಸಲು ಉಸ್ತಾದರ ಮುಂದೆ ಕೂರುವುದು ಕೆಲವೇ ನಿಮಿಷ. ಅದಕ್ಕೆ ಮೊದಲು ಎಷ್ಟು ಹೊತ್ತು ಓದಿದೆ ಎನ್ನುವುದು ಎರಡನೇ ಆಯತ್‌ನಲ್ಲೇ ಗೊತ್ತಾಗುತ್ತದೆ.

ಸೆಮಿಸ್ಟರಿಗೆ 20 ಕ್ರೆಡಿಟ್ ಎಂದಿಟ್ಟುಕೊಳ್ಳಿ, ಎಲ್ಲವೂ ಪಾಠವೇ. ಆಗ ಕಾಲೇಜಿನಲ್ಲಿ 300 ಗಂಟೆ, ಹೊರಗೆ ಇನ್ನೂ 300. ಅಂದರೆ ವಾರಕ್ಕೆ 20, ದಿನಕ್ಕೆ ಸುಮಾರು ಮೂರು ಗಂಟೆ. ಬಿಎ ಸುಲಭ, ಬೇಗ ಮನೆಗೆ ಬರ್ತಾಳೆ ಎನ್ನುವ ಉಪ್ಪನಿಗೆ ಈ ಮೂರು ಗಂಟೆ ಕಾಣುವುದೇ ಇಲ್ಲ. ಮಗಳು ಬೇಗ ಬಂದಳು ಎಂದರೆ ಅಡುಗೆಮನೆಗೆ ಕರೆ, ತಮ್ಮನ ಹೋಂವರ್ಕ್, ಬಂದ ನೆಂಟರಿಗೆ ಚಾ. ಮಗನಾದರೆ ಅಂಗಡಿಯ ಗಲ್ಲೆ. ಮದುವೆ ಸೀಸನ್ ಬಂದರೆ ಕೇಳುವುದೇ ಬೇಡ, ಮೆಹಂದಿಯಿಂದ ಹಿಡಿದು ನಾಲ್ಕು ದಿನ ಪುಸ್ತಕ ಬ್ಯಾಗಿನಿಂದ ಹೊರಬರುವುದಿಲ್ಲ. ರಿಸಲ್ಟ್ ಬಂದಾಗ ಬೈಗುಳ ಮಾತ್ರ ಲೆಕ್ಚರರಿಗೆ.

ಲ್ಯಾಬ್ ತಪ್ಪಿಸುವುದಂತೂ ಬೇಡವೇ ಬೇಡ. ತಪ್ಪಿದ ಪಾಠವನ್ನು ಗೆಳತಿಯ ನೋಟ್ಸ್ ನೋಡಿ ಓದಬಹುದು, ಟೈಟ್ರೇಶನನ್ನು ಮನೆಯ ಸಿಂಕಿನಲ್ಲಿ ಮಾಡ್ಲಿಕ್ಕೆ ಆಗ್ತದಾ? ಕತ್ತಲಾಗುವ ಚಿಂತೆ ನಿಜವೇ, ಅದನ್ನು ನಾವು ಹಗುರವಾಗಿ ಹೇಳುವುದಿಲ್ಲ. ಆದರೆ ಅದಕ್ಕೆ ಬಸ್ ಸ್ಟಾಪಿಗೆ ಹೋಗಿ ಕರೆತರುವ ಅಣ್ಣ ಇದ್ದಾನೆ, ಒಂದೇ ದಾರಿಯ ನಾಲ್ಕು ಹುಡುಗಿಯರಿಗೆ ಸೇರಿ ಒಂದು ರಿಕ್ಷಾ ಇದೆ. ಕೋರ್ಸನ್ನೇ ಬದಲಿಸುವ ಮೊದಲು ಇದನ್ನಾದರೂ ನೋಡಬಾರದೇ?

ನಾವು ಅವರಿಗೆ ಹೇಳಿದ್ದು ಇಷ್ಟೇ: ಮಗಳು ಬಿಎಸ್ಸಿಯಲ್ಲೇ ಇರಲಿ, ಲ್ಯಾಬ್ ಇಲ್ಲದ ದಿನ ಇಶಾದವರೆಗೆ ಅವಳನ್ನು ಯಾರೂ ಕರೆಯದಿರಲಿ. ಮನೆ ಸಣ್ಣದು, ಜನ ಜಾಸ್ತಿ ಎಂದರು. ಅದೂ ನಿಜ. ನಮ್ಮ ಮದ್ರಸದ ಕೋಣೆಗಳಲ್ಲಿ ಲೈಟು, ಫ್ಯಾನು, ಬೆಂಚು ಎಲ್ಲ ಇವೆ, ಸಂಜೆ ಹೊತ್ತು ಬೀಗ. ಎರಡು ಕೋಣೆ ಕಾಲೇಜು ಮಕ್ಕಳಿಗೆ ತೆರೆದುಕೊಡಿ, ಒಂದು ಹುಡುಗಿಯರಿಗೇ ಇರಲಿ ಎಂದು ಕಮಿಟಿಯವರಿಗೆ ಬರೆದುಕೊಟ್ಟಿದ್ದೇವೆ. ಬರುವ ಜುಮಾ ನಂತರ ಮೀಟಿಂಗ್ ಇದೆ.