ಹಾಯಿಹಡಗು ಉಳಿಯಬೇಕೆಂದರೆ ಓಡುತ್ತಿರಬೇಕು

ಅಮೆರಿಕದ ಮೇನ್ ರಾಜ್ಯದ ಕರಾವಳಿಯಲ್ಲಿ ಬೇಸಿಗೆ ಬಂತೆಂದರೆ ಹಾಯಿ ಬಿಚ್ಚಿ ಹೊರಡುವ ‘ಸ್ಟೀಫನ್ ಟೇಬರ್’ ಎಂಬ ಎರಡು ಕೂವೆಕಂಬಗಳ ಮರದ ಹಡಗು ನೀರಿಗಿಳಿದದ್ದು 1871ರಲ್ಲಿ. ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡಿನಲ್ಲಿ ಕಟ್ಟಿದ ಈ ಹಡಗು ದಶಕಗಳ ಕಾಲ ಇಟ್ಟಿಗೆ, ಮರಮಟ್ಟು ಹೊತ್ತು ದುಡಿಯಿತು. 1979ರಲ್ಲಿ ಇದನ್ನು ಕೊಂಡ ಬಾರ್ನ್ಸ್ ದಂಪತಿ, ನಂತರದ ಕೆಲವೇ ವರ್ಷಗಳಲ್ಲಿ ಬಹುಪಾಲು ಹೊಸದಾಗಿ ಕಟ್ಟಿದರು. ಮುಂದೆ ಅದರ ಚುಕ್ಕಾಣಿ ಅವರ ಮಗನ ಕೈಗೆ ಬಂತು. ಮ್ಯೂಸಿಯಮ್ಮಿನ ಆಸರೆಯಿಲ್ಲದೆ, ಪ್ರವಾಸಿಗರು ಕೊಡುವ ಹಣದಲ್ಲೇ ಆ ಹಡಗು ತನ್ನ ದುರಸ್ತಿಯ ಖರ್ಚು ದುಡಿದುಕೊಳ್ಳುತ್ತಿದೆ. ಹಳೆಯ ಹಡಗುಗಳನ್ನು ಉಳಿಸಲು ಹೊರಟವರೆಲ್ಲ ಈ ಕುಟುಂಬದಿಂದ ಕಲಿಯಬೇಕಾದ ಪಾಠವೊಂದಿದೆ: ಉಳಿಸಬೇಕಾದದ್ದು ಮರವನ್ನಷ್ಟೇ ಅಲ್ಲ, ಆ ಮರವನ್ನು ಬಲ್ಲ ಕೈಗಳನ್ನೂ. ಹಡಗು ಓಡುತ್ತಿದ್ದರೆ ಮಾತ್ರ ಆ ಕೈಗಳಿಗೆ ಕೆಲಸವಿರುತ್ತದೆ.

ಮರದ ಹಡಗಿನ ಸ್ವಭಾವವೇ ಇದಕ್ಕೆ ಸಾಕ್ಷಿ. ಅದನ್ನು ಕೊಳೆಸುವುದು ಉಪ್ಪುನೀರಿಗಿಂತ ಹೆಚ್ಚಾಗಿ ಮಳೆನೀರು. ಕಟ್ಟಿಹಾಕಿ ಮರೆತ ಹಡಗಿನ ಅಟ್ಟದ ಹಲಗೆಗಳು ಬಿಸಿಲಿಗೆ ಒಣಗಿ ಸಂದಿ ಬಿಡುತ್ತವೆ, ಆ ಸಂದಿಗಳಿಂದ ಮಳೆನೀರು ಒಳಗಿಳಿಯುತ್ತದೆ. ಹಡಗಿನ ಎರಡೂ ತುದಿಗಳಿಗೆ ನೀರಿನ ಆಸರೆ ನಡುಭಾಗಕ್ಕಿಂತ ಕಡಿಮೆ. ಹೀಗಾಗಿ ವರ್ಷಗಳು ಕಳೆದಂತೆ ತುದಿಗಳು ಜೋತು ಅಡಿದೂಲವೇ ಬಾಗುತ್ತದೆ. ಪ್ರತಿ ವಸಂತದಲ್ಲೂ ಸಂದಿಗಳಿಗೆ ನಾರು ತುರುಕುವ, ಟೊಳ್ಳಾದ ಹಲಗೆಯನ್ನು ಸದ್ದಿನಿಂದಲೇ ಗುರುತಿಸುವ ಜನರಿದ್ದರೆ ಈ ಕೇಡನ್ನು ಮೊದಲೇ ತಡೆಯಬಹುದು. ನಿಂತಲ್ಲೇ ನಿಂತರೆ ಉಕ್ಕಿನ ಹಡಗೂ ಕೆಡುತ್ತದೆ: 1911ರ ‘ಪೀಕಿಂಗ್’ ಎಂಬ ಉಕ್ಕಿನ ಹಾಯಿಹಡಗನ್ನು ನೋಡಿ. ನ್ಯೂಯಾರ್ಕಿನಲ್ಲಿ ನಾಲ್ಕು ದಶಕ ಪ್ರದರ್ಶನದ ವಸ್ತುವಾಗಿ ನಿಂತು ಶಿಥಿಲವಾದ ಅದನ್ನು 2017ರಲ್ಲಿ ಜರ್ಮನಿಗೆ ಸಾಗಿಸಿ, 3 ಕೋಟಿ ಯೂರೊಗೂ ಹೆಚ್ಚು ಸಾರ್ವಜನಿಕ ಹಣ ಸುರಿದು ರಿಪೇರಿ ಮಾಡಬೇಕಾಯಿತು. 2020ರಲ್ಲಿ ಹ್ಯಾಂಬರ್ಗಿಗೆ ಮರಳಿದ ಮೇಲೂ ಅದು ದಡದಲ್ಲಿ ನಿಂತೇ ಇದೆ. ಅಷ್ಟು ದೊಡ್ಡ ಹಡಗನ್ನು ಕಾಪಾಡಿದ್ದು ಸರಿಯಾದ ಕೆಲಸವೇ. ಆದರೆ ಹಾಯಿ ಏರಿಸದ ಹಡಗು ಹಾಯಿ ಏರಿಸುವವರನ್ನು ತಯಾರು ಮಾಡಲಾರದು.

ಹಲಗೆ, ಪಕ್ಕೆಮರಗಳನ್ನೆಲ್ಲ ಬದಲಿಸಿದ ಮೇಲೆ ಅದು ಹಳೆಯ ಹಡಗೇ ಆಗಿ ಉಳಿಯಿತೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ದುಡಿಯುವ ಮರದ ಹಡಗು ತನ್ನ ಮೊದಲ ಒಡೆಯನ ಕಾಲದಿಂದಲೂ ಹಲಗೆ ಬದಲಿಸಿಕೊಂಡೇ ಬಂದಿರುತ್ತದೆ. ದುರಸ್ತಿ ಅದರ ಬಾಳಿನ ಭಾಗ. ಅದರ ರೂಪ, ಕಟ್ಟುವ ಕ್ರಮ, ನಡೆಸುವ ವಿದ್ಯೆ ಮುರಿಯದೆ ಸಾಗಿದ್ದರೆ ಹಡಗೂ ಉಳಿದಂತೆಯೇ. ಹಳೆಯ ಹಡಗನ್ನು ಓಡಿಸಿದರೆ ಪ್ರಾಣಾಪಾಯವಿದೆ ಎಂಬ ಆಕ್ಷೇಪ ಇನ್ನೂ ಗಂಭೀರವಾದದ್ದು. 1917ರಲ್ಲಿ ಕಟ್ಟಿದ ‘ಮಾರ್ಕೆಸ್’ ಹಡಗು 1984ರ ಜೂನ್‌ನಲ್ಲಿ ಬರ್ಮುಡಾದ ಬಳಿ ಮುಳುಗಿ, ಅದರಲ್ಲಿದ್ದ 28 ಜನರಲ್ಲಿ 19 ಮಂದಿ ಸತ್ತರು. ಹಳೆಯ ಹಡಗಿನ ಮೇಲಿನ ಪ್ರೀತಿ ತಪಾಸಣೆಗೆ ಬದಲಿಯಲ್ಲ. ಆ ದುರಂತದ ನಂತರ ಬ್ರಿಟನ್ನಿನಲ್ಲಿ ತರಬೇತಿ ಹಾಯಿಹಡಗುಗಳ ಸ್ಥಿರತೆಯ ನಿಯಮಗಳು ಬಿಗಿಯಾದವು. ಹಡಗುಗಳನ್ನೆಲ್ಲ ಕಟ್ಟಿಹಾಕುವುದಕ್ಕಿಂತ ಇಂಥ ಬಿಗಿ ನಿಯಮಗಳೇ ಸರಿಯಾದ ಉತ್ತರ.

ಕುಟುಂಬವನ್ನೇ ನೆಚ್ಚಿಕೊಳ್ಳುವುದು ಸರಿಯೇ ಎಂಬುದು ಮತ್ತೊಂದು ಪ್ರಶ್ನೆ. ಅಪ್ಪ ಅಮ್ಮನ ಜೊತೆ ಹಡಗಿನಲ್ಲೇ ಬೆಳೆದ ಮಗುವಿಗೆ ಗಾಳಿ, ಹಗ್ಗ, ಹಾಯಿಗಳ ಅರಿವು ಮಾತು ಕಲಿತಷ್ಟೇ ಸಹಜವಾಗಿ ಬರುತ್ತದೆ. ಲಾಭ ತಡವಾಗಿ ಬರುವ ಕೆಲಸಕ್ಕೆ ಬೇಕಾದ ತಾಳ್ಮೆಯೂ ಅಲ್ಲಿರುತ್ತದೆ. ಆದರೆ ಮಕ್ಕಳು ಬೇರೆ ದಾರಿ ಹಿಡಿದರೆ ಸರಪಳಿ ಅಲ್ಲಿಗೇ ಕಡಿಯುತ್ತದೆ, ಹಾಗೆ ಹಿಡಿಯುವುದು ಅವರ ಹಕ್ಕು ಕೂಡ. ಆದ್ದರಿಂದ ಹೊರಗಿನ ಯುವಕ ಯುವತಿಯರು ಸಂಬಳ ಪಡೆದು ಕಲಿಯಲು ಸರ್ಕಾರ, ಸಂಸ್ಥೆಗಳು ನೆರವಾಗಬೇಕು. ಕುಟುಂಬ ಉಳಿಸಿಟ್ಟ ವಿದ್ಯೆಯನ್ನು ಸಮಾಜ ಹಂಚಿಕೊಳ್ಳಬೇಕು.

ಸರಪಳಿ ಕಡಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಕಾರವಾರದಲ್ಲೇ ನಿದರ್ಶನವಿದೆ. 2025ರ ಮೇ 21ರಂದು ಅಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಹೊಲಿಗೆಯ ಹಾಯಿಹಡಗು. ಅಂಥ ಹಡಗಿನ ನಕ್ಷೆ ಎಲ್ಲೂ ಉಳಿದಿರಲಿಲ್ಲ. ಅಜಂತಾದ 5ನೇ ಶತಮಾನದ ಚಿತ್ರವೊಂದನ್ನು ನೋಡಿ ರೂಪವನ್ನು ಊಹಿಸಬೇಕಾಯಿತು, ಮಾದರಿ ಮಾಡಿ ನೀರಿನಲ್ಲಿ ಪರೀಕ್ಷಿಸಬೇಕಾಯಿತು. ಆದರೆ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯುವ ವಿದ್ಯೆ ಕೇರಳದ ಕುಶಲಕರ್ಮಿಗಳ ಕೈಯಲ್ಲಿ ಇನ್ನೂ ಜೀವಂತವಾಗಿತ್ತು. ಬಳಕೆ ತಪ್ಪಿದ್ದನ್ನು ಊಹಿಸಬೇಕಾಯಿತು, ಬಳಕೆಯಲ್ಲಿದ್ದದ್ದು ಕೈಗೆ ಸಿಕ್ಕಿತು. ಹೀಗಾಗಿ ಪಾರಂಪರಿಕ ಹಡಗಿಗೆ ಹಣ ಕೊಡುವವರು ಮೊದಲು ಕೇಳಬೇಕಾದದ್ದು ಇದನ್ನು: ಇದು ವರ್ಷಕ್ಕೆಷ್ಟು ದಿನ ಹಾಯಿ ಏರಿಸುತ್ತದೆ, ಎಷ್ಟು ಜನ ಇದರಲ್ಲಿ ಕಲಿಯುತ್ತಿದ್ದಾರೆ? ಕಟ್ಟುವ ಖರ್ಚಿನ ಜೊತೆಗೇ ಕಲಿಸುವ ಖರ್ಚನ್ನೂ ಬಜೆಟ್ಟಿನಲ್ಲಿ ಸೇರಿಸದಿದ್ದರೆ, ಇಂದು ಕಟ್ಟಿದ ಹಡಗಿನ ವಿದ್ಯೆಯನ್ನು ಮುಂದಿನವರು ಮತ್ತೆ ಚಿತ್ರ ನೋಡಿಯೇ ಊಹಿಸಬೇಕಾಗುತ್ತದೆ.