ಮೆಷಿನ್ ಬಿಚ್ಚುವ ಮೊದಲು ಕಿವಿ ಕೊಡಿ



ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಎಷ್ಟೋ ಮನೆಗಳಲ್ಲಿ ಎರಡು ತೊಟ್ಟಿಯ ಹಳೇ ವಾಷಿಂಗ್ ಮೆಷಿನ್ ಇನ್ನೂ ದುಡಿಯುತ್ತಿದೆ. ಒಂದು ತೊಟ್ಟಿ ಒಗೆಯೋಕೆ, ಇನ್ನೊಂದು ಹಿಂಡೋಕೆ. ಅದು ಒಂದು ದಿನ ಹೊಸ ಸದ್ದು ಮಾಡತೊಡಗಿದರೆ ಮನೆಯಲ್ಲಿ ಎರಡು ಮಾತು ಬರುತ್ತವೆ. ಒಂದು, "ಇದರ ಕಥೆ ಮುಗೀತು, ಹೊಸದು ತಗೊಳ್ಳೋಣ." ಇನ್ನೊಂದು, "ಮೆಕ್ಯಾನಿಕ್‌ನ ಕರೀರಿ, ಬಿಚ್ಚಿ ನೋಡ್ಲಿ." ಇವೆರಡಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ ಅನ್ನೋದು ನನ್ನ ಅಭಿಪ್ರಾಯ. ಆ ಸದ್ದನ್ನು ಗಮನವಿಟ್ಟು ಕೇಳಿ, ಅದಕ್ಕೊಂದು ಹೆಸರು ಕೊಟ್ಟು, ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಅದನ್ನು ನೀವೇ ಮಾಡಬಹುದು. ಬೇಕಾದ ಪದಗಳು ನಮ್ಮ ಕನ್ನಡದಲ್ಲೇ ಇವೆ.

ವ್ಯಾಕರಣದ ಪಾಠದಲ್ಲಿ ಅನುಕರಣಾವ್ಯಯ ಓದಿದ್ದೀರಿ. ಗರಗರ, ಕಟಕಟ, ದಡದಡ, ಗುಂಯ್ ಅಂತ, ಸದ್ದನ್ನು ಕೇಳಿದ ಹಾಗೇ ಹೇಳುವ ಪದಗಳು. ತಮಿಳು ಪಾಠದಲ್ಲಿ 'ಇರಟ್ಟೈಕ್ಕಿಳವಿ' ಅಂತ ಬರುವುದೂ ಹೆಚ್ಚುಕಡಿಮೆ ಇದೇ ಜಾತಿ. ಪರೀಕ್ಷೆಗೆ ಎರಡು ಉದಾಹರಣೆ ಬರೆದು ಮರೆತುಬಿಡುತ್ತೇವೆ. ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಯಾರಾದರೂ "ಮೋಟಾರು ಗುಂಯ್ ಅನ್ನುತ್ತದೆ" ಅಂತ ಬರೆದರೆ ನಗುತ್ತೇವೆ. ನಗಬಾರದು. ಅದು ಒಳ್ಳೆಯ ವೀಕ್ಷಣೆ. "ಏನೋ ಸೌಂಡ್ ಬರತ್ತೆ" ಅನ್ನುವುದಕ್ಕಿಂತ ಹತ್ತು ಪಟ್ಟು ಹೆಚ್ಚು ಮಾಹಿತಿ ಅದರಲ್ಲಿದೆ.

ಹೇಗೆ ಅಂತ ನೋಡೋಣ. ಒಗೆಯುವ ತೊಟ್ಟಿಯ ಕೆಳಗೆ ಒಂದು ಮೋಟಾರು ಇರುತ್ತದೆ. ಅದರ ತುದಿಯ ಸಣ್ಣ ರಾಟೆಯಿಂದ ಒಂದು ಬೆಲ್ಟ್ ದೊಡ್ಡ ರಾಟೆಗೆ ಹೋಗುತ್ತದೆ. ದೊಡ್ಡ ರಾಟೆ, ತೊಟ್ಟಿಯ ತಳದಲ್ಲಿ ಬಟ್ಟೆ ತಿರುಗಿಸುವ ಬಿಲ್ಲೆಯನ್ನು ಆಡಿಸುತ್ತದೆ. ಹಿಂಡುವ ಬುಟ್ಟಿಗೆ ಬೇರೆಯೇ ಮೋಟಾರು, ಅದು ನೇರವಾಗಿ ಬುಟ್ಟಿಯ ಕೆಳಗೇ ಇರುತ್ತದೆ, ಅಲ್ಲಿ ಬೆಲ್ಟ್ ಇಲ್ಲ. ಆದ್ದರಿಂದ ಮೊದಲ ಪ್ರಶ್ನೆ: ಸದ್ದು ಒಗೆಯುವಾಗಲೋ, ಹಿಂಡುವಾಗಲೋ? ಹಿಂಡುವಾಗ ಮಾತ್ರ ಬಂದರೆ ಬೆಲ್ಟಿನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಒಂದು ಸ್ಕ್ರೂ ಕೂಡ ಬಿಚ್ಚದೆ ಅರ್ಧ ಮೆಷಿನ್ ಪರೀಕ್ಷೆ ಮುಗಿಯಿತು.

ಇನ್ನು ಸದ್ದಿನ ಹೆಸರುಗಳು.

ಕಿರ್ರ್: ತೊಟ್ಟಿ ತುಂಬ ಬಟ್ಟೆ ಹಾಕಿದಾಗ, ಮೋಟಾರು ಹೊರಡುವ ಗಳಿಗೆಯಲ್ಲಿ ಬರುತ್ತದೆ, ಖಾಲಿ ಓಡಿಸಿದರೆ ಬರುವುದಿಲ್ಲ. ಆಗ ಮೊದಲ ಅನುಮಾನ ಸಡಿಲಾದ ಅಥವಾ ಸವೆದು ನುಣುಪಾದ ಬೆಲ್ಟಿನ ಮೇಲೆ. ಬೆಲ್ಟ್ ರಾಟೆಯನ್ನು ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣ ಕಿರುಚುವುದೂ ಹೀಗೇ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಹೀಗೇ. ಕಮಾನಿನಿಂದ ನುಡಿಸುವ ತಂತಿಗಳ ಕಂಪನದ ಬಗ್ಗೆ ಸಿ.ವಿ. ರಾಮನ್ 1918ರಲ್ಲಿ ಒಂದು ದೊಡ್ಡ ಪ್ರಬಂಧವನ್ನೇ ಪ್ರಕಟಿಸಿದರು. ಬೆಳಕಿನ ಸಂಶೋಧನೆಗೆ ಅವರಿಗೆ ನೊಬೆಲ್ ಬಂದದ್ದು 1930ರಲ್ಲಿ.

ಗುಂಯ್: ಮೋಟಾರು ಗುಂಯ್‌ಗುಡುತ್ತದೆ, ಆದರೆ ತಿರುಗುವುದಿಲ್ಲ. ತಕ್ಷಣ ಸ್ವಿಚ್ ಆಫ್ ಮಾಡಿ. ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತ. ಮೋಟಾರಿನ ಕಾಂತೀಯ ಸೆಳೆತ ಪ್ರತಿ ಆವರ್ತದಲ್ಲಿ ಎರಡು ಸಲ ಏರುತ್ತದೆ. ಹಾಗಾಗಿ ಕೇಳಿಸುವುದು ಸುಮಾರು 100 ಹರ್ಟ್ಜ್ ಸದ್ದು. ಕೆಪಾಸಿಟರ್ ಸೋತಿರಬಹುದು, ಇಲ್ಲವೇ ಏನೋ ಸಿಕ್ಕಿಕೊಂಡಿರಬಹುದು. ಹಾಗೇ ಬಿಟ್ಟರೆ ಸುರುಳಿ ಕಾದು ಸುಟ್ಟುಹೋಗುತ್ತದೆ. ಮೋಟಾರು ಎಂದಿನಂತೆ ತಿರುಗುವ ಸದ್ದಿದ್ದು ನೀರು ಮಾತ್ರ ಅಲುಗದಿದ್ದರೆ ಅದು ಬೇರೆ ಕಥೆ: ಬೆಲ್ಟ್ ಹರಿದಿರಬಹುದು ಅಥವಾ ಕಳಚಿರಬಹುದು.

ಗರಗರ: ತೊಟ್ಟಿ ಖಾಲಿ ಇದ್ದರೂ, ಯಾವ ಕಡೆ ತಿರುಗಿದರೂ ಬರುತ್ತದೆ. ಸೀಲ್ ಸವೆದು ನೀರು ಇಳಿದು, ಗ್ರೀಸ್ ತೊಳೆದುಹೋಗಿ, ಬೇರಿಂಗ್ ತುಕ್ಕು ಹಿಡಿದಾಗ ಬರುವ ಸದ್ದು ಇದು.

ದಡದಡ: ಹಿಂಡುವಾಗ ಬರುತ್ತದೆ. ಬುಟ್ಟಿ ವೇಗ ಏರುವಾಗ ಮತ್ತು ನಿಲ್ಲುವಾಗ ಸ್ವಲ್ಪ ಹೊತ್ತು ನಡುಗುವುದು ಸಹಜ. ಸ್ಪ್ರಿಂಗುಗಳ ಸ್ವಂತ ಆವೃತ್ತಿಗೆ ಬುಟ್ಟಿಯ ವೇಗ ಹೊಂದಿದಾಗ ಅನುರಣನೆ ಆಗುತ್ತದೆ. ನಡುಗುತ್ತಲೇ ಇದ್ದರೆ ನಿಲ್ಲಿಸಿ. ಬುಟ್ಟಿ ಪೂರ್ತಿ ನಿಂತ ಮೇಲೆ ಬಟ್ಟೆಯನ್ನು ಸುತ್ತಲೂ ಸಮನಾಗಿ ಹರಡಿ ನೋಡಿ. ಬಹಳ ಸಲ ಅಷ್ಟರಲ್ಲೇ ರಿಪೇರಿ ಮುಗಿಯುತ್ತದೆ!

ಟಕ್ ಟಕ್: ಇದು ಎಣಿಸಬಹುದಾದ ಸದ್ದು, ನನಗೆ ತುಂಬಾ ಇಷ್ಟವಾದದ್ದು. ಇಂಥ ಮೋಟಾರು ನಿಮಿಷಕ್ಕೆ ಸುಮಾರು 1400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 23. ಸಣ್ಣ ರಾಟೆಯ ವ್ಯಾಸ 5 ಸೆಂ.ಮೀ., ದೊಡ್ಡದು 20 ಸೆಂ.ಮೀ., ಬೆಲ್ಟಿನ ಉದ್ದ 90 ಸೆಂ.ಮೀ. ಅಂತಿಟ್ಟುಕೊಳ್ಳಿ. ದೊಡ್ಡ ರಾಟೆಯ ವೇಗ ನಾಲ್ಕನೇ ಒಂದು ಭಾಗ, ಸೆಕೆಂಡಿಗೆ ಸುಮಾರು 6 ಸುತ್ತು. ಬೆಲ್ಟ್ ಸೆಕೆಂಡಿಗೆ ಸುಮಾರು 366 ಸೆಂ.ಮೀ. ಓಡುತ್ತದೆ, ಅಂದರೆ 4 ಸುತ್ತು. ಈಗ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ನಿಧಾನಕ್ಕೆ ಓಡಿಸಿ ಎಣಿಸಿ. ಸೆಕೆಂಡಿಗೆ 4 ಟಕ್ ಇದ್ದರೆ ಬೆಲ್ಟಿನಲ್ಲಿ ಒಂದು ಕಡೆ ಬಿರುಕೋ ಗಂಟೋ ಇರಬಹುದು. 6 ಇದ್ದರೆ ದೊಡ್ಡ ರಾಟೆಯನ್ನೋ, ಬಿಲ್ಲೆಯ ಕಡೆಯನ್ನೋ ನೋಡಬೇಕು. ಎಣಿಸೋಕೇ ಆಗದಷ್ಟು ಬೇಗ ಬಂದರೆ ಮೋಟಾರಿನ ಕಡೆ. ನಿಮ್ಮ ಮನೆಯ ಮೆಷಿನ್ನಿಗೆ ಅಳತೆ ಬೇರೆ ಇರಬಹುದು, ಲೆಕ್ಕದ ದಾರಿ ಇದೇ.

"ಒಬ್ಬರಿಗೆ ಗರಗರ ಅನ್ನಿಸಿದ್ದು ಇನ್ನೊಬ್ಬರಿಗೆ ಗೊರಗೊರ, ಇದು ಯಾವ ಸೀಮೆ ವಿಜ್ಞಾನ?" ಅಂತ ಕೆಲವರು ಕೇಳಬಹುದು. ನ್ಯಾಯವಾದ ಆಕ್ಷೇಪಣೆ. ಅದಕ್ಕೇ ಬರೀ ಪದ ಸಾಲದು. ಯಾವಾಗ ಬರತ್ತೆ, ಸೆಕೆಂಡಿಗೆ ಎಷ್ಟು ಸಲ ಬರತ್ತೆ ಅನ್ನೋದೂ ಜೊತೆಗಿರಬೇಕು. ಇವು ಮೂರೂ ಸೇರಿದರೆ ಸಿಗುವುದು ಒಂದು ಊಹೆ ಮಾತ್ರ. ಊಹೆಯನ್ನು ಪರೀಕ್ಷಿಸಲೇಬೇಕು. ಪ್ಲಗ್ ಕಿತ್ತು, ಹಿಂದಿನ ಮುಚ್ಚಳ ತೆಗೆದು, ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಒಂದು ಸೆಂ.ಮೀ. ತಗ್ಗಬೇಕು, ಜೋತುಬೀಳಬಾರದು. ಬೆಲ್ಟ್ ಕಳಚಿ ಎರಡೂ ರಾಟೆಗಳನ್ನು ಬೇರೆ ಬೇರೆಯಾಗಿ ಕೈಯಲ್ಲಿ ತಿರುಗಿಸಿದರೆ, ಗರಗರ ಯಾವುದರಲ್ಲಿದೆ ಅಂತ ಬೆರಳೇ ಹೇಳುತ್ತದೆ. ಇದು ದೊಡ್ಡವರ ಅಥವಾ ಮೆಕ್ಯಾನಿಕ್‌ನ ಕೆಲಸ, ನೀವು ಪಕ್ಕದಲ್ಲಿ ನಿಂತು ನೋಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಶಾಕ್ ಹೊಡೆಯುವಷ್ಟು ಆವೇಶ ಉಳಿದಿರಬಹುದು. ಅದನ್ನು ಮುಟ್ಟಬೇಡಿ.

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ನಮ್ಮ ಮಕ್ಕಳ ಬಾಯಲ್ಲಿ ಒಂದು ಮಾತು ಆಗಾಗ ಕೇಳುತ್ತೇನೆ: "ಸಾರ್, ನಾವು ಕನ್ನಡ ಮೀಡಿಯಂ, ಮೆಷಿನ್ ಗಿಷಿನ್ ಎಲ್ಲಾ ನಮಗೆ ಬರಲ್ಲ." ಹೊಸೂರಿನ ಸಿಪ್‌ಕಾಟ್ ಸುತ್ತ ಬೆಳೆಯುವ ಮಕ್ಕಳು ಹೀಗನ್ನಬಾರದು. ನಿಮ್ಮಲ್ಲಿ ಎಷ್ಟೋ ಜನ ನಾಳೆ ಐಟಿಐಗೋ, ಡಿಪ್ಲೊಮಾಗೋ, ಕಾರ್ಖಾನೆಗೋ ಹೋಗುವವರು. ಬಿಡಿಭಾಗಗಳ ಇಂಗ್ಲಿಷ್ ಹೆಸರುಗಳನ್ನು ಅಲ್ಲಿ ಒಂದು ತಿಂಗಳಲ್ಲಿ ಕಲಿಯಬಹುದು. ಕಿವಿಗೊಟ್ಟು ಕೇಳುವ, ಕೇಳಿದ್ದನ್ನು ಸರಿಯಾಗಿ ಹೇಳುವ ಅಭ್ಯಾಸ ಅಷ್ಟು ಬೇಗ ಬರುವುದಿಲ್ಲ. ನಮ್ಮೂರಿನ ರಾಗಿ ಮಿಲ್ಲಿನವರಿಗೆ ಆ ಅಭ್ಯಾಸ ಇದೆ: ಕಲ್ಲಿನ ಸದ್ದು ಬದಲಾದ ಕೂಡಲೇ ಕಾಳು ಮುಗಿಯಿತು ಅಂತ ಎದ್ದು ಬರುತ್ತಾರೆ. ಮಡಕೆ ಕೊಳ್ಳುವ ಅಜ್ಜಿ ಬೆರಳಲ್ಲಿ ತಟ್ಟಿ ಬಿರುಕು ಕಂಡುಹಿಡಿಯುತ್ತಾರೆ. ಅವರ ಮೊಮ್ಮಕ್ಕಳಿಗೆ ಮೆಷಿನ್ ಭಾಷೆ ಬರಲ್ಲ ಅಂದರೆ ನಾನು ಒಪ್ಪಲ್ಲ.

ಹಣದ ಮಾತೂ ಇದೆ. ಬೆಲ್ಟಿಗೆ ಕೆಲವೇ ನೂರು ರೂಪಾಯಿ, ಹೊಸ ಮೆಷಿನ್ನಿಗೆ ಸಾವಿರಗಳು. "ತುಂಬಿದಾಗ ಮಾತ್ರ ಕಿರ್ರ್ ಅನ್ನತ್ತೆ, ಖಾಲಿ ಇದ್ದಾಗ ಇಲ್ಲ" ಅಂತ ಮೆಕ್ಯಾನಿಕ್‌ಗೆ ಹೇಳಿದರೆ ಅವರ ಸಮಯ, ನಮ್ಮ ದುಡ್ಡು ಎರಡೂ ಉಳಿಯುತ್ತವೆ. ಒಳ್ಳೆಯ ಮೆಕ್ಯಾನಿಕ್ ಇಂಥ ಮಾತನ್ನು ಖುಷಿಯಿಂದ ಕೇಳುತ್ತಾರೆ.

ಶಿಕ್ಷಕ ಮಿತ್ರರಲ್ಲಿ ಒಂದು ಕೋರಿಕೆ: ಧ್ವನಿಯ ಪಾಠದ ಪ್ರಾಜೆಕ್ಟಿಗೆ ಥರ್ಮಾಕೋಲ್ ಮಾದರಿ ಕೇಳುವ ಬದಲು ಮನೆಯ ಒಂದು ಯಂತ್ರದ ಸದ್ದಿನ ಪಟ್ಟಿ ಕೇಳೋಣ, ಅದಕ್ಕೆ ಅಂಕ ಕೊಡೋಣ. ಮಕ್ಕಳೇ, ನೀವು ಅಂಕಕ್ಕೆ ಕಾಯಬೇಕಾಗಿಲ್ಲ. ಮುಂದಿನ ಭಾನುವಾರ ಬಟ್ಟೆ ಒಗೆಯುವ ಹೊತ್ತಿಗೆ ಒಂದು ಹಾಳೆಯಲ್ಲಿ ನಾಲ್ಕು ಕಾಲಮ್ ಎಳೆಯಿರಿ: ಸದ್ದಿನ ಹೆಸರು, ಯಾವಾಗ ಬರುತ್ತದೆ, ಸೆಕೆಂಡಿಗೆ ಎಷ್ಟು, ನನ್ನ ಊಹೆ. ಮೆಷಿನ್ ಚೆನ್ನಾಗಿರುವಾಗಲೇ ಬರೆದಿಡಿ. ಆರೋಗ್ಯದ ಸದ್ದು ಗೊತ್ತಿದ್ದವರಿಗೆ ಮಾತ್ರ ಕಾಯಿಲೆಯ ಸದ್ದು ಬೇಗ ತಿಳಿಯುತ್ತದೆ.